ಗೋಡೆಯ ಮೇಲಿನ ಲೇಖನಕ್ಕೆ ಬಾಯಿ ಬಂತು

ನನ್ನ ಲೇಖನಕ್ಕೆ ಕಟ್ಟು ಹಾಕಿಸಿ ಗೋದಾಮಿನ ಗೋಡೆಗೆ ತೂಗುಹಾಕಿದವರು ಸಾವ್ಕಾರ ಕರಬಸಪ್ಪನವರೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹುಡುಗಿಯೊಬ್ಬಳು ಬರೆದದ್ದು ಪೇಪರಿನಲ್ಲಿ ಬಂದಿದೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಲಕ್ಷ್ಮಿಯ ಫೋಟೋದ ಜೊತೆ ಅದಕ್ಕೂ ದಿನಾ ಊದಿನಕಡ್ಡಿ. ಒಳಗೆ ಬರೆದದ್ದು ಅವರ ಗೋದಾಮಿನಲ್ಲಿ ಕೈ ತೊಳೆಯಲು ಒಂದು ನಳವೂ ಇಲ್ಲ ಎಂದು. ಅವರು ಅದನ್ನು ಪೂರ್ತಿ ಓದಿದ್ದರು. ಆದರೂ ಏನೂ ಅನಿಸಲಿಲ್ಲ. ಅರವತ್ತು ಹೆಂಗಸರಲ್ಲಿ ಓದಲು ಬರುವವರು ನಾಲ್ಕೇ ಜನ, ಇನ್ನೇನು ಅನಿಸಬೇಕು?

ಒಂದು ದಿನ ನನ್ನ ಪಕ್ಕದಲ್ಲಿ ಕೂರುವ ಮುಮ್ತಾಜಬಿ ಕೇಳಿಯೇಬಿಟ್ಟಳು. "ಏ ದ್ರಾಕ್ಷಾಯಿಣಿ, ನಮ್ಮ ಬಗ್ಗೆ ಬರದೀಯಂತ. ನಮಗ ಓದಾಕ ಬರಂಗಿಲ್ಲ. ಓದಾಕ ಬರೋ ಸಾವ್ಕಾರ್ರು ಏನೂ ಮಾಡಂಗಿಲ್ಲ. ಹಂಗಾರ ಯಾರಿಗೆ ಬರದಿ, ಗ್ವಾಡಿಗೇನು?"

ಚಹಾದ ಹೊತ್ತಿನಲ್ಲಿ ಓದಿ ಹೇಳಿದೆ. 'ಜಾಗತೀಕರಣದ ಹಿನ್ನೆಲೆಯಲ್ಲಿ ಶ್ರಮಿಕ ಮಹಿಳೆಯರ ಬವಣೆ' ಎಂದು ಶುರು. ಮುಮ್ತಾಜಬಿ ಎರಡು ನಿಮಿಷ ಕೇಳಿ, "ಪಾಪ, ಯಾವೂರವರವ್ವಾ ಆ ಹೆಣ್ಮಕ್ಳು?" ಅಂದಳು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಅವಳ ಮೇಲಲ್ಲ, ನನ್ನ ಮೇಲೆಯೇ.

ಆಗ ಎರಡು ಸಾವಿರದ ಒಂಬತ್ತನೇ ಇಸವಿ. ಸ್ಟೇಶನ್ ಹತ್ತಿರ ಜಾಕೀರ್‌ನ ಮೊಬೈಲ್ ಅಂಗಡಿ, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಿದ್ದ. ಹಾಡಿನ ಜೊತೆ ನನ್ನ ಲೇಖನವನ್ನೂ ತುಂಬು ಎಂದೆ. ಅವನು ಕಂಪ್ಯೂಟರಿಗೆ ಮೈಕು ಸಿಕ್ಕಿಸಿದ, ನಾನು ಓದಿದೆ. ಅರ್ಧಕ್ಕೇ ನಿಲ್ಲಿಸಿಬಿಟ್ಟ.

"ಅಕ್ಕಾರ, ನೀವು ಆಗಸ್ಟ್ ಹದಿನೈದರ ಭಾಷಣ ಮಾಡಾಕತ್ತೀರಿ. ಆ ಹಾಳಿ ಇತ್ತ ಕೊಡ್ರಿ. ಕಡೀಕ ನಿಮ್ಮವ್ವನ ಬಗ್ಗೆ ನಾಕು ಸಾಲು ಅದಾವಲ್ಲ, ಅದನ್ನ ಬಾಯಿಲೆ ಹೇಳ್ರಿ."

ಕಾಗದ ಕಸಿದುಕೊಂಡ. ಬಿ.ಎ. ಓದಿ ಕಲಿತ ದೊಡ್ಡ ದೊಡ್ಡ ಮಾತುಗಳೆಲ್ಲ ಅವನ ಕೈ ಸೇರಿದವು. ಅವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿದೆ.

"ನಮ್ಮವ್ವ ಸಂಜೀಕ ಗೋದಾಮಿನಿಂದ ಬಂದ್ರ ನನ್ನ ಎತ್ಕೊಂತಿರಲಿಲ್ಲ. ನಾ ಅಳಕೋಂತ ಹೋದ್ರ ಎರಡೂ ಕೈ ಹಿಂದ ಕಟ್ಕೊಂಡು ನಿಂದರತಿದ್ಲು. ಖಾರದ ಕೈ ಹತ್ತಿದ್ರ ಕೂಸಿನ ಮೈ ಉರೀತೈತಂತ. ನನಗೇನ ಗೊತ್ತು? ನಮ್ಮವ್ವಗ ನಾ ಬ್ಯಾಡಾಗೇನಿ ಅಂತ ತಿಳ್ಕೊಂಡಿದ್ದೆ. ಒಂದು ನಳ, ಒಂದು ಸಾಬಾಣ. ಕರಬಸಪ್ಪ ಸಾವ್ಕಾರ್ರನ್ನ ಅಷ್ಟ ಕೇಳಾಕತ್ತೇವಿ."

ನಡುವೆ ಎರಡು ಸಲ ಕೆಮ್ಮಿದ್ದೆ. ತೆಗೆದುಬಿಡು ಅಂದೆ. "ಇರಲಿ ಬಿಡ್ರಿ, ಬ್ಯಾಡಗ್ಯಾಗ ಕೆಮ್ಮಲಾರದವ್ರು ಯಾರದಾರ?" ಅಂದ ಜಾಕೀರ್.

ಒಂದೇ ನಿಮಿಷದ ಆ ಮಾತು ಫೋನಿನಿಂದ ಫೋನಿಗೆ ಹಾರಿತು. ಗುತ್ತಲದ ಬಸ್ಸಿನಲ್ಲಿ ಯಾರೋ ಹಚ್ಚಿದರಂತೆ, ಅಗಡಿಯ ಹೆಂಗಸರು ಕೇಳಿ ಕಣ್ಣೊರೆಸಿಕೊಂಡರಂತೆ. ಎಂಟು ದಿನದಲ್ಲಿ ಬೇರೆ ಗೋದಾಮುಗಳಲ್ಲೂ ಹೆಂಗಸರು ನಳ ಕೇಳತೊಡಗಿದರು. ಪೇಟೆಯವರು ಕರಬಸಪ್ಪನವರನ್ನು ಆಡಿಕೊಂಡರು.

ಒಂಬತ್ತನೇ ದಿನ ಮುಮ್ತಾಜಬಿಯ ಫೋನಿನಲ್ಲಿ ಅದೇ ನಡೆದಿತ್ತು. ಸಾವ್ಕಾರರ ಮನೆ ಗೋದಾಮಿಗೆ ಅಂಟಿಕೊಂಡೇ ಇದೆ. ಆರು ತಿಂಗಳ ಮೊಮ್ಮಗನನ್ನು ಎತ್ತಿಕೊಂಡಿದ್ದವರು ಹಾಗೇ ಬಾಗಿಲಿಗೆ ಬಂದು ನಿಂತರು.

"ಬಂದ್ ಮಾಡದನ್ನ! ಪ್ಯಾಟಿ ತುಂಬ ನನ್ನ ಮಾನ ಕಳದಿ. ನಾಳಿಂದ ಕೆಲಸಕ್ಕ ಬರಬ್ಯಾಡ, ದ್ರಾಕ್ಷಾಯಿಣಿ."

"ಇದ ಮಾತು ಒಂದ ವರ್ಷದಿಂದ ನಿಮ್ಮ ಗ್ವಾಡಿ ಮ್ಯಾಲ ಐತ್ರಿ. ದಿನಾ ಊದಿನಕಡ್ಡಿ ಬೆಳಗೀರಿ."

"ಬರದದ್ದು ಬ್ಯಾರೆ. ಊರ ಮುಂದ ಒದರೂದು ಬ್ಯಾರೆ!"

ನನಗೆ ಬಾಯಿ ತುಂಬ ಬೈಗುಳ ಬಂತು. ಅಷ್ಟರಲ್ಲಿ ಮುಮ್ತಾಜಬಿ ಎದ್ದಳು. ಕೆಂಪಗಾದ ಎರಡೂ ಅಂಗೈ ಚಾಚಿ ಬಾಗಿಲಿಗೆ ನಡೆದಳು.

"ಎಷ್ಟ ಚಂದ ಐತ್ರಿ ಕೂಸು. ಕೊಡ್ರಿ ಇಲ್ಲೆ, ಒಂದೀಟು ಎತ್ಕೊಂತೇನಿ."

ಸಾವ್ಕಾರರು ಮಗುವನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಯಾಕ್ರಿ ಸಾವ್ಕಾರ್ರ, ಹಿಂದ ಸರದ್ರಿ? ನಮ್ಮ ಮನ್ಯಾಗೂ ಕೂಸು ಅದಾವ್ರಿ."

ಯಾರೂ ನಗಲಿಲ್ಲ. ಸಾವ್ಕಾರರು ಕೂಸನ್ನು ಅವಚಿಕೊಂಡೇ ಒಳಗೆ ಹೋದರು. ನಳ ಹಾಕಿಸುತ್ತೇನೆ ಅನ್ನಲಿಲ್ಲ. ನಾನೂ ಎದ್ದು ಹೋಗಲಿಲ್ಲ. ಫೋನು ಎತ್ತಿಕೊಂಡು, ದನಿ ಪೂರ್ತಿ ಏರಿಸಿ, ಅವರ ಬಾಗಿಲ ಕಡೆಗೆ ಹಿಡಿದು ಮತ್ತೆ ಮೊದಲಿನಿಂದ ಹಚ್ಚಿದೆ.