ಬಳೆಯ ಅಳತೆ

ಉದ್ಯಾವರದ ದಾಮೋದರ ಮಾಸ್ತರರ ಮನೆಯವರು ಕ್ರಿಸ್ಮಸ್ ರಜೆಯ ಆದಿತ್ಯವಾರ ಟೂರು ಹೊರಟರೆಂದರೆ ನೆರೆಹೊರೆಯವರು ನಂಬದೆ ವಿಧಿಯಿರಲಿಲ್ಲ. ಬಾಡಿಗೆ ಕಾರಿನ ಜೇಮ್ಸನ ಅಂಬಾಸಿಡರ್ ಬೆಳಿಗ್ಗೆಯೇ ಅಂಗಳದಲ್ಲಿ ಬಂದು ನಿಂತಿತ್ತು. ಬುತ್ತಿಯ ಬುಟ್ಟಿ ತುಂಬಿತ್ತು. ಮಾಸ್ತರರ ಅಕ್ಕ ರತ್ನಾವತಿ ಬೇಲಿಯ ಬದಿಗೆ ಹೋಗಿ ಊರಿಗೆಲ್ಲ ಕೇಳುವಂತೆ ಸಾರುತ್ತಿದ್ದಳು: "ಮೊದಲು ಕೃಷ್ಣ ಮಠ, ಆಮೇಲೆ ಮಣಿಪಾಲ, ಮಧ್ಯಾಹ್ನಕ್ಕೆ ಕಾರ್ಕಳದ ಗೊಮ್ಮಟ, ಸಂಜೆಗೆ ಕಾಪುವಿನ ಲೈಟ್‌ಹೌಸು. ಒಂದೇ ದಿನದಲ್ಲಿ ಎಲ್ಲ ಉಂಟು ಮಾರಾಯ್ತಿ!" ಬಾಯಿ ಎಂದರೆ ಅದು ಬಾಯಿ. ಆದರೆ ಅವಳು ಸುಳ್ಳೇನೂ ಹೇಳಲಿಲ್ಲ, ಒಂದು ಮಾತನ್ನು ಬಿಟ್ಟಳು ಅಷ್ಟೆ.

ಬಿಟ್ಟ ಮಾತು ಇದು: ಗೊಮ್ಮಟನ ಬೆಟ್ಟದಲ್ಲಿ ಅವರಿಗೆ ಗಂಡಿನ ಕಡೆಯವರನ್ನು ಕಾಣಲಿಕ್ಕಿತ್ತು. ಹುಡುಗಿ ವೇದಾವತಿ, ಮಾಸ್ತರರ ಹಿರಿಮಗಳು, ಮೂರು ವರ್ಷದ ಮಗುವಾಗಿದ್ದಾಗ ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂದು ತೀರಿಹೋದವಳು. ಹುಡುಗ ಕಿಟ್ಟ, ಕಾಪುವಿನ ಮೋಹಿನಿಯ ಮಗ, ಅವನೂ ಶಾಲೆಗೆ ಸೇರಿದ ವರ್ಷವೇ ಸಮುದ್ರದ ಪಾಲಾದವನು. ಇಬ್ಬರೂ ಇದ್ದಿದ್ದರೆ ಈಗ ಮದುವೆಯ ಪ್ರಾಯ. ಆ ಸೀಮೆಯಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಮಾಡದಿದ್ದರೆ ಬಾಗಿಲಲ್ಲಿ ನಿಂತು ಕೇಳುತ್ತಾರೆ. ನಗುವವರು ನಗಲಿ. ತಮ್ಮ ಮನೆಯ ಹುಡುಗಿಯ ಸಂಬಂಧ ಮೇಲಿಂದ ಮೇಲೆ ತಪ್ಪಿದಾಗ ಅವರೂ ಜೋಯಿಸರ ಮನೆಯ ಮೆಟ್ಟಿಲು ಹತ್ತುತ್ತಾರೆ, ನೋಡಿದ್ದೇವಲ್ಲ.

ಮಾಸ್ತರರ ಹೆಂಡತಿ ವನಜಾಕ್ಷಿಯೂ ಹಾಗೆಯೇ ಹತ್ತಿದವಳು. ಎರಡನೆಯ ಮಗಳು ನಳಿನಾಕ್ಷಿ ಟೀಚರ್ ಟ್ರೈನಿಂಗ್ ಮುಗಿಸಿದ ಹುಡುಗಿ, ಲಕ್ಷಣವಂತೆ. ನೋಡಿ ಹೋದವರೆಲ್ಲ ಒಪ್ಪುತ್ತಿದ್ದರು, ವೀಳ್ಯ ಬದಲಿಸುವ ಹೊತ್ತಿಗೆ ಏನಾದರೊಂದು ಅಡ್ಡ ಬರುತ್ತಿತ್ತು. ಜೋಯಿಸರು ಕವಡೆ ಚೆಲ್ಲಿ, "ದೊಡ್ಡವಳನ್ನು ದಾಟಿ ಸಣ್ಣವಳನ್ನು ಹೇಗೆ ಕಳಿಸ್ತೀರಿ?" ಎಂದು ಕೇಳಿದರು. ವನಜಾಕ್ಷಿ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕುತ್ತ ಮನೆಗೆ ಬಂದಳು. ಸಣ್ಣವಳ ದಾರಿ ತೆರೆಯಬೇಕು, ಅದು ಸರಿ. ಆದರೆ ದೊಡ್ಡವಳಿಗೆ ಮದುವೆಯಾದರೆ ಅವಳು ಗಂಡನ ಮನೆಯವಳು. ಆಮೇಲೆ ದೀಪಾವಳಿಯ ರಾತ್ರಿ ಸತ್ತವರಿಗೆ ಬಡಿಸುವಾಗ ಅವಳಿಗೆ ಎಲೆ ಹಾಕುವುದು ಆ ಮನೆಯವರ ಹಕ್ಕು. ಇಷ್ಟು ವರ್ಷ ವನಜಾಕ್ಷಿಗೆ ಮಗಳೆಂದು ಉಳಿದಿದ್ದದ್ದು ಆ ಒಂದು ಎಲೆ. ಬಾಳೆಯ ಸಣ್ಣ ಕೀತು, ಅದರಲ್ಲಿ ಮೆತ್ತಗೆ ಕಿವುಚಿದ ಅನ್ನ, ಮುಳ್ಳು ಬಿಡಿಸಿದ ಬೂತಾಯಿ ಮೀನು. ಅದನ್ನೂ ಯಾರಿಗೋ ಕೊಟ್ಟು ಕೈ ಒರೆಸಿಕೊಳ್ಳಬೇಕು ಎಂದರೆ ಯಾವ ತಾಯಿಗೆ ಸಮ್ಮತವಾಗುತ್ತದೆ? ಹೇಗಾದರೂ ಮಾಡಿ ಆ ಮೋಹಿನಿಯಲ್ಲಿ ಒಂದು ಕೊರತೆ ಹುಡುಕಬೇಕು, ಈ ಸಂಬಂಧ ಬೇಡ ಅನ್ನಬೇಕು ಎಂದು ಅವಳು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದಳು.

ಕೃಷ್ಣ ಮಠದಲ್ಲಿ ಕಿಂಡಿಯ ಎದುರು ಕಣ್ಣು ಮುಚ್ಚಿ ನಿಂತಳು. ಏನು ಬೇಡಬೇಕೆಂದೇ ತಿಳಿಯಲಿಲ್ಲ. ಆಗಲಿ ಎಂದರೆ ವೇದು ಹೋಗುತ್ತಾಳೆ, ಆಗದಿರಲಿ ಎಂದರೆ ನಳಿನಿ ಮನೆಯಲ್ಲೇ ಉಳಿಯುತ್ತಾಳೆ. ಹಿಂದಿನವರು ದೂಡಿದ್ದರಿಂದ ಏನೂ ಬೇಡದೆಯೇ ಹೊರಗೆ ಬಂದಳು.

ಮಣಿಪಾಲದಲ್ಲಿ ಜೇಮ್ಸ್ ಕಾರನ್ನು ಗುಡ್ಡದ ತುದಿಗೇ ಒಯ್ದ. ಕೆಳಗೆ ಸ್ವರ್ಣಾ ನದಿ ತೋಟಗಳ ನಡುವೆ ಸುತ್ತಿಕೊಂಡು ಸಮುದ್ರದ ಕಡೆಗೆ ಹೋಗುತ್ತಿತ್ತು. ರಜೆಯ ದಿನ, ಮಕ್ಕಳು ಮರಿ ಕಟ್ಟಿಕೊಂಡು ಬಂದವರು ತುಂಬ ಮಂದಿ. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ನದಿ ತೋರಿಸುತ್ತಿದ್ದರು. ಮಾಸ್ತರರೂ ಅಭ್ಯಾಸಬಲದಿಂದ ಬೆರಳು ಚಾಚಿ, "ಅದೋ, ಅಲ್ಲಿ ನದಿ ಸಮುದ್ರ ಸೇರುವಲ್ಲಿ ಹೂಡೆ" ಎಂದವರು ಅಲ್ಲಿಗೇ ನಿಲ್ಲಿಸಿದರು.

"ಅಕ್ಕ ಇರುವುದು ಅಲ್ಲೇ ಅಲ್ವಾ ಅಪ್ಪ?" ಎಂದಳು ನಳಿನಾಕ್ಷಿ.

ಹೌದು, ಅಲ್ಲೇ. ಆಗ ಮಾಸ್ತರರು ಹೂಡೆಯ ಶಾಲೆಯಲ್ಲಿದ್ದರು. ನದಿ ಕೆಂಪಾಗಿ ಉಕ್ಕಿದ್ದರಿಂದ ಊರಿಗೆ ದೋಣಿ ಬಿಡಲು ಯಾರೂ ಒಪ್ಪಿರಲಿಲ್ಲ. ಮಗುವನ್ನು ತೆಂಗಿನ ಬುಡದ ಹೊಯಿಗೆಯಲ್ಲಿ ಮಲಗಿಸಿ, ಮಣ್ಣು ಮುಚ್ಚಿ ಬಂದದ್ದು.

"ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ" ಎಂದು ನಳಿನಾಕ್ಷಿ ನದಿಗೆ ಬೆನ್ನು ಹಾಕಿದಳು. "ಆದರೆ ಇವತ್ತು ನನ್ನನ್ನು ಎಂತಕ್ಕೆ ಕರ್ಕೊಂಡು ಬಂದದ್ದು? ಅವಳಿಂದಾಗಿ ನನ್ನ ಮದುವೆ ನಿಂತದ್ದು ಅಂತ ಕಣ್ಣಾರೆ ನೋಡಲಿಕ್ಕಾ?"

"ನೀನಿಲ್ಲದಿದ್ರೆ ಇದು ಟೂರು ಅಂತ ಯಾರು ನಂಬ್ತಾರೆ?" ಎಂದಳು ರತ್ನಾವತಿ. "ಬಾಯಿ ಮುಚ್ಚಿ ಬಾಳೆಹಣ್ಣು ತಿನ್ನು."

ಕಾರ್ಕಳ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಬಂಡೆಯಲ್ಲಿ ಕಡಿದ ಮೆಟ್ಟಿಲು ಕಾದ ಕಾವಲಿಯ ಹಾಗಿತ್ತು. ಚಪ್ಪಲಿ ಕೆಳಗೆ ಬಿಟ್ಟ ರತ್ನಾವತಿ ಪ್ರತಿ ಮೆಟ್ಟಿಲಿಗೂ ಅಯ್ಯೋ ಎನ್ನುತ್ತ ಹತ್ತಿದಳು. ಗಂಡಿನ ಕಡೆಯವರನ್ನು ಇಲ್ಲಿಗೇ ಬರಹೇಳಿದ್ದೂ ಅವಳೇ. ಕೂಡಿಬರುವ ಮೊದಲು ಒಬ್ಬರ ಮನೆಯನ್ನು ಇನ್ನೊಬ್ಬರು ಹೊಗುವುದು ಬೇಡ, ಎರಡೂ ಊರಿನ ಬಾಯಿಗೆ ಬೀಳುವುದೂ ಬೇಡ ಎಂಬುದು ಅವಳ ಲೆಕ್ಕಾಚಾರ. ಈಗ ಅಂಗಾಲು ಸುಡುವಾಗ ಯಾರಿಗೆ ಬೈಯುವುದು?

ಮೇಲೆ ಪೌಳಿಯ ಗೋಡೆಯ ನೆರಳಿನಲ್ಲಿ ಮೋಹಿನಿ ಕೂತಿದ್ದಳು, ಜೊತೆಯಲ್ಲಿ ಅವಳ ತಮ್ಮ ದೇಜಪ್ಪ. ಮೀನು ಮಾರುವ ಹೆಂಗಸು, ಜೋರಿನವಳಿರಬೇಕು ಎಂದುಕೊಂಡು ಬಂದ ವನಜಾಕ್ಷಿಗೆ ಕಂಡದ್ದು ಒಣಗಿದ ಸಣ್ಣ ಜೀವ. ಮಡಿಲಲ್ಲಿ ಬಾಳೆಎಲೆಯ ಕಟ್ಟು. ಹೆಣ್ಣು ನೋಡಲು ಬರುವವರು ಬರಿಗೈಯಲ್ಲಿ ಬರಬಾರದೆಂದು ಅವಳು ಶಂಕರಪುರದ ಮಲ್ಲಿಗೆಯ ಚೆಂಡು ತಂದಿದ್ದಳು. ತಂದಾಯಿತು, ಮುಡಿಸುವುದು ಯಾರಿಗೆ? ಕಟ್ಟನ್ನು ತಿರುಗಿಸುತ್ತ ತಿರುಗಿಸುತ್ತ ಕೊನೆಗೆ ತನ್ನ ಪಕ್ಕದಲ್ಲಿ, ಖಾಲಿ ಜಾಗದಲ್ಲಿ ಇಟ್ಟಳು.

ಗಂಡಸರು ಬಲಿಯ ಮಾತಾಡಿದರು. ಎರಡು ಮನೆಯ ಬಲಿ, ಅಂದರೆ ವಂಶ, ಬೇರೆ ಬೇರೆಯೆಂದು ಖಚಿತ ಮಾಡಿಕೊಂಡರು. ಗೊಮ್ಮಟ ಎಲ್ಲರ ತಲೆಯ ಮೇಲಿಂದ ಎಲ್ಲಿಯೋ ನೋಡುತ್ತ ನಿಂತಿದ್ದ.

"ನಮ್ಮ ಕಿಟ್ಟ ಒಳ್ಳೆಯವನು ಅಕ್ಕ" ಎಂದಳು ಮೋಹಿನಿ. "ಎತ್ತರ ಅಂದ್ರೆ ಎತ್ತರ. ಪ್ರತಿ ದೀಪಾವಳಿಗೆ ಅಂಗಿ ಹೊಲಿಸಿ ಅವನ ಎಲೆಯ ಹತ್ತಿರ ಇಡ್ತೇನೆ. ಅವನ ಜೊತೆ ಶಾಲೆಗೆ ಹೋದ ಹುಡುಗರು ಇದ್ದಾರಲ್ಲ, ಅವರನ್ನು ನಿಲ್ಲಿಸಿ ಅಳತೆ ತೆಗೆಯುವುದು. ಮೊದಲು ಚಡ್ಡಿ ಇಡ್ತಿದ್ದೆ, ಆಮೇಲೆ ಲುಂಗಿ. ಈಗ ಮೀಸೆಯೂ ಬಂದಿರಬೇಕು, ಅಲ್ವಾ?"

ವನಜಾಕ್ಷಿ ಆ ಖಾಲಿ ಜಾಗದ ಮಲ್ಲಿಗೆಯನ್ನು ನೋಡಿದಳು. ಈ ಹೆಂಗಸಿನಲ್ಲಿ ಕೊರತೆ ಹುಡುಕುವುದು ಹೇಗೆ?

"ನಿಮ್ಮ ಹುಡುಗಿ ಹೇಗೆ? ಕೂದಲು ಉದ್ದ ಉಂಟಾ? ಎಂತ ಇಷ್ಟ ಅವಳಿಗೆ?"

ಹೆಣ್ಣು ನೋಡಲು ಬಂದವರು ಕೇಳುವ ಮಾತೇ. ವನಜಾಕ್ಷಿ ಬಾಯಿ ತೆರೆದಳು. ಬೆಲ್ಲ ಇಷ್ಟ, ಕತ್ತಲೆಂದರೆ ಹೆದರಿಕೆ, ಮಲಗುವಾಗ ನನ್ನ ಕಿವಿ ಹಿಡಿದುಕೊಳ್ಳಬೇಕು, ಅಷ್ಟೇ ಗೊತ್ತಿದ್ದದ್ದು. ಅದನ್ನೇ ಹೇಳಿದಳು. ಮೋಹಿನಿ ತಲೆಯಾಡಿಸುತ್ತ ಒಂದೊಂದನ್ನೂ ಕೇಳಿಸಿಕೊಂಡಳು.

"ಸರಿ, ಬಳೆಯ ಅಳತೆ ಕೊಡು ವನಜ" ಎಂದಳು ರತ್ನಾವತಿ. ಮಾತು ಕೂಡಿತೆಂದರೆ ಹುಡುಗಿಯ ಬಳೆಯೊಂದನ್ನು ಗಂಡಿನ ಕಡೆಯವರಿಗೆ ಕೊಡಬೇಕು. ಮದುವೆಗೆ ಬಳೆ ತರುವುದು ಅವರು. ಸತ್ತವರ ಮದುವೆಯಲ್ಲಿ ಕ್ರಮ ಇನ್ನೂ ಬಿಗಿ, ಒಂದು ತಪ್ಪಿದರೂ ಆಗದು.

ವನಜಾಕ್ಷಿ ಸೆರಗಿನ ಗಂಟು ಬಿಚ್ಚಿದಳು. ನಿನ್ನೆ ರತ್ನಾವತಿ "ಹುಡುಗಿಯ ಬಳೆ ತೆಗೆದಿಡು" ಎಂದಾಗ ಪೆಟ್ಟಿಗೆಯ ಅಡಿಯಿಂದ ತೆಗೆದಿಟ್ಟದ್ದು. ಬೆಳ್ಳಿಯ ಬಳೆ, ಕರಿಮಣಿ ಪೋಣಿಸಿದ್ದು. ಮೋಹಿನಿಯ ಅಂಗೈಯಲ್ಲಿ ಅದು ಒಂದು ಉಂಗುರಕ್ಕಿಂತ ಸ್ವಲ್ಪ ದೊಡ್ಡದಾಗಿ ಕಂಡಿತು.

ಮೋಹಿನಿ ಬಳೆಯನ್ನೊಮ್ಮೆ, ವನಜಾಕ್ಷಿಯನ್ನೊಮ್ಮೆ ನೋಡಿ ಮೆತ್ತಗೆ, "ಇದು ಈಗ ಅವಳ ಕೈಗೆ ಹೋಗುವುದಿಲ್ಲ ಅಕ್ಕ" ಎಂದಳು.

ಆಗ ವನಜಾಕ್ಷಿಗೆ ಹೊಳೆಯಿತು. ದೇವರೇ, ಇಷ್ಟು ವರ್ಷ ತಾನು ಮಾಡಿದ್ದೇನು? ಆ ಕೀತು ಎಲೆ, ಆ ಕಿವುಚಿದ ಅನ್ನ! ಹುಡುಗಿ ಬೆಳೆದು ಹೆಂಗಸಾಗಿದ್ದಾಳೆ, ಅವ್ವ ಎನಿಸಿಕೊಂಡವಳು ವರ್ಷವರ್ಷವೂ ಅವಳನ್ನು ಅರೆಹೊಟ್ಟೆಯಲ್ಲಿ ಎಬ್ಬಿಸಿ ಕಳಿಸಿದ್ದಾಳೆ. ಮಗಳು ಬಾಗಿಲಲ್ಲಿ ನಿಂತು ಕೇಳದೆ ಇನ್ನೇನು ಮಾಡಿಯಾಳು?

"ನನ್ನ ಅಳತೆ ತೆಗೊಳ್ಳಿ" ಎಂದು ನಳಿನಾಕ್ಷಿ ಮುಂದೆ ಬಂದಳು. ಬೆಳಗಿನಿಂದ ಮುಖ ಊದಿಸಿಕೊಂಡಿದ್ದ ಹುಡುಗಿಯ ಕಣ್ಣು ತುಂಬಿತ್ತು. "ಅಕ್ಕ ಅಲ್ವಾ? ನನ್ನ ಕೈಯಷ್ಟೇ ಇದ್ದೀತು." ಕೈಯನ್ನು ಮೋಹಿನಿಯ ಮುಂದೆ ಚಾಚಿಯೇಬಿಟ್ಟಳು.

"ಬಿಡ್ತು ಅನ್ನು!" ವನಜಾಕ್ಷಿ ಕೂಗಿದ ರಭಸಕ್ಕೆ ಆ ಬದಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದವರೂ ತಿರುಗಿ ನೋಡಿದರು. ಮಗಳ ಕೈಯನ್ನು ಹಿಡಿದೆಳೆದು ತನ್ನ ಬೆನ್ನ ಹಿಂದೆ ಮಾಡಿದಳು. ಸತ್ತ ಮದುಮಗಳಿಗೆ ಬದುಕಿರುವ ಹುಡುಗಿಯ ಅಳತೆ ಕೊಡುವುದುಂಟೇ! ಒಬ್ಬಳನ್ನು ಕೊಟ್ಟದ್ದು ಸಾಲದೇ?

ಹಾಗೆಂದವಳೇ ತನ್ನ ಕೈಯ ಬಳೆಯೊಂದನ್ನು ಹಿಡಿದು ಎಳೆಯತೊಡಗಿದಳು. ಕೆಲಸ ಮಾಡಿ ಗಡುಸಾದ ಕೈ, ಗೆಣ್ಣು ದಾಟಲು ಬಳೆ ಒಪ್ಪಲಿಲ್ಲ. ಮಾಸ್ತರರು, "ನಿಲ್ಲು, ಚರ್ಮ ಹೋಗ್ತದೆ" ಎನ್ನುತ್ತಿದ್ದರು. ಹೋಯಿತು ಕೂಡ. ಬಳೆಯನ್ನು ಮೋಹಿನಿಯ ಕೈಗಿಟ್ಟು, "ತೆಗೊಳ್ಳಿ" ಎಂದಳು. "ಅವಳು ಹುಟ್ಟಿದಾಗಲೇ ಎಲ್ಲರೂ ಹೇಳ್ತಿದ್ರು, ತಾಯಿಯದ್ದೇ ಕೈ ಅಂತ."

ಮೋಹಿನಿ ಎರಡು ಬಳೆಗಳನ್ನೂ ಕಣ್ಣಿಗೊತ್ತಿ ಸೆರಗಿನ ತುದಿಯಲ್ಲಿ ಗಂಟು ಹಾಕಿದಳು. ಸಂಬಂಧ ಕೂಡಿತು.

ಬಸ್ಸಿನಲ್ಲಿ ಬಂದಿದ್ದ ಗಂಡಿನ ಕಡೆಯವರನ್ನೂ ಕೂರಿಸಿಕೊಂಡು ಜೇಮ್ಸ್ ಕಾಪುವಿಗೆ ಕಾರು ಬಿಟ್ಟ. ಹಿಂದಿನ ಸೀಟಿನಲ್ಲಿ ಹೆಂಗಸರು ಒತ್ತೊತ್ತಾಗಿ ಕೂತರು. ವನಜಾಕ್ಷಿಯ ಕಣ್ಣು ಮೋಹಿನಿಯ ಸೆರಗಿನ ಗಂಟನ್ನು ಬಿಟ್ಟು ಕದಲಲಿಲ್ಲ. ದೊಡ್ಡ ಬಳೆ ಹೋಗಲಿ, ಆ ಸಣ್ಣದು? ಮರೆತು ಕಟ್ಟಿಕೊಂಡಳೋ, ಬೇಕೆಂದೇ ಕಟ್ಟಿಕೊಂಡಳೋ? ಬೀಗರಿಗೆ ಕೊಟ್ಟದ್ದನ್ನು ಹಿಂದೆ ಕೇಳುವುದು ಹೇಗೆ? ಕೇಳಿದರೆ ಕೂಡಿದ ಮಾತು ಮುರಿದ ಹಾಗೆ, ನಳಿನಿಯ ದಾರಿಗೆ ತಾನೇ ಮುಳ್ಳು ಹಾಕಿದ ಹಾಗೆ. ನಾಲಗೆಯ ತುದಿಗೆ ಬಂದದ್ದನ್ನು ಬೆಳ್ಮಣ್ಣಿನಲ್ಲೊಮ್ಮೆ, ಪಡುಬಿದ್ರಿಯಲ್ಲೊಮ್ಮೆ ನುಂಗಿಕೊಂಡಳು.

ಕಾಪುವಿನ ಕಡಲ ಬದಿಯಲ್ಲಿ ಜಾತ್ರೆಯಷ್ಟು ಜನ. ಲೈಟ್‌ಹೌಸು ಹತ್ತಲು ಸಾಲು ನಿಂತಿತ್ತು. ಹತ್ತುವ ಮನಸ್ಸು ಯಾರಿಗೂ ಇರಲಿಲ್ಲ. ಮೋಹಿನಿ ನೇರ ನೀರಿನ ಅಂಚಿಗೆ ನಡೆದು ಮಲ್ಲಿಗೆಯ ಕಟ್ಟು ಬಿಚ್ಚಿ, ಮಗನಿಗೆ ಕೇಳಿಸುವಂತೆ, "ಹುಡುಗಿ ಸಿಕ್ಕಿದ್ಳು ಮಗಾ, ಒಳ್ಳೇ ಮನೆಯವಳು" ಎಂದು ಹೂವನ್ನು ತೆರೆಗೆ ಬಿಟ್ಟಳು. ವನಜಾಕ್ಷಿ ಹತ್ತಿರ ಹೋಗಿ ನಿಂತಳು. ಬಳೆಯ ಮಾತು ಆಗಲೂ ಬಾಯಿಗೆ ಬರಲಿಲ್ಲ.

"ಅವಳಿಗೆ ಬೂತಾಯಿ ಬಡಿಸುವಾಗ" ಎಂದಳು, "ಮುಳ್ಳು ಬಿಡಿಸಿ ಹಾಕ್ತೀರಾ? ದೊಡ್ಡವಳಾಗಿದ್ದಾಳೆ, ನನಗೆ ಗೊತ್ತುಂಟು. ಆದರೆ ಮುಳ್ಳು ತೆಗೆದು ತಿನ್ನಲಿಕ್ಕೆ ನಾನು ಕಲಿಸಿಯೇ ಇಲ್ಲ."

"ಹಾಕ್ತೇನೆ ಅಕ್ಕ. ಮೊದಲ ಒಂದೆರಡು ವರ್ಷ ನಾನೇ ಬಿಡಿಸಿ ಹಾಕ್ತೇನೆ."

ಕಾರಿನ ಹತ್ತಿರ ಬೀಳ್ಕೊಡುವಾಗ ಮೋಹಿನಿ ಸೆರಗಿನ ಗಂಟು ಬಿಚ್ಚಿದಳು. ಸಣ್ಣ ಬಳೆಯನ್ನು ತೆಗೆದು ವನಜಾಕ್ಷಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು.

"ದೊಡ್ಡವಳನ್ನು ಮಾತ್ರ ನನಗೆ ಕೊಡಿ ಅಕ್ಕ" ಎಂದಳು. "ಸಣ್ಣವಳು ನಿಮ್ಮ ಹತ್ತಿರವೇ ಇರಲಿ."

ಮಗು ಹೋದ ಆಟಿಯಲ್ಲಿ ಹೊಟ್ಟೆಯಲ್ಲಿ ನಳಿನಿ ಇದ್ದಳೆಂದು, ಬಸುರಿ ಅಳಬಾರದೆಂದು, ವನಜಾಕ್ಷಿಯನ್ನು ಯಾರೂ ಅಳಲು ಬಿಟ್ಟಿರಲಿಲ್ಲ. ಈಗ ಅಂಬಾಸಿಡರಿನ ಬಾಗಿಲು ಹಿಡಿದು, ಅಷ್ಟು ಜನರ ನಡುವೆ, ದೊಡ್ಡ ಸ್ವರದಲ್ಲಿ ಅತ್ತಳು. ನಳಿನಾಕ್ಷಿ ಅವಳನ್ನು ಬಳಸಿ ಹಿಡಿದುಕೊಂಡಳು. ಸುಮ್ಮನಿರು ಎಂದು ಹೇಳಲು ಬಾಯಿ ತೆರೆದ ರತ್ನಾವತಿ ಏನೂ ಹೇಳದೆ ಕಾರಿನೊಳಗೆ ಹೋಗಿ ಕೂತಳು. ಜೇಮ್ಸ್ ಕಾರು ಸ್ಟಾರ್ಟ್ ಮಾಡದೆ ಕಾದ.