ಸೊಸೈಟಿಯಲ್ಲಿ ಜೋಳ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಸಾಯುವವರೆಗೆ ಟಿಟ್ವಾಳಾ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಗದಿರಲಿ. ಕೂತುಕೋ ಪೃಥ್ವಿರಾಜ್, ಟ್ರೇನ್ ಬರಲು ಇನ್ನೂ ಹೊತ್ತಿದೆ.

ಕಲಬುರಗಿ ಕಡೆಯ ಮರಗಮ್ಮ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಪಕ್ಕದ ಒಂದು ಗಲ್ಲಿಯಲ್ಲಿದ್ದವಳು. ಗಲ್ಲಿಗೆ ಬೆಂಕಿ ಬಿತ್ತು, ಎಲ್ಲರೂ ನಿರಾಶ್ರಿತರಾದರು. ಸರ್ಕಾರ ಕೈಬಿಡಲಿಲ್ಲ. ಟಿಟ್ವಾಳಾದ ಹೊಸ ಕಾಂಪ್ಲೆಕ್ಸೊಂದರ ಬಿ ವಿಂಗ್‌ನಲ್ಲಿ ಚೀಟಿ ಎತ್ತಿ ಮನೆ ಹಂಚಿತು. ಮರಗಮ್ಮನಿಗೆ ಹದಿನಾಲ್ಕನೇ ಮಹಡಿ, ಗಲ್ಲಿಯಲ್ಲಿ ಪಕ್ಕದ ಮನೆಯವಳಾಗಿದ್ದ ಮಲ್ಲಿಕಾಳಿಗೆ ಎರಡನೆಯದು. ಹಳೇ ಅಭ್ಯಾಸದಂತೆ ಮರಗಮ್ಮ ಬೆಳಿಗ್ಗೆ ಕಿಟಕಿಯಿಂದ "ಏ ಮಲ್ಲೀ!" ಎಂದರೆ, ಆ ಕೂಗು ಮಹಡಿ ಮಹಡಿ ಇಳಿದು ಮುಟ್ಟುವಷ್ಟರಲ್ಲಿ ಸಂಜೆ. "ಏನಬೇ?" ಎಂಬ ಉತ್ತರ ಹತ್ತಿ ಬರುವುದು ಮರುದಿನ. ಅಷ್ಟರಲ್ಲಿ ಕರೆದದ್ದೇಕೆಂದು ಮರಗಮ್ಮನಿಗೇ ಮರೆತಿರುತ್ತಿತ್ತು. ಮನೆ ಸಿಕ್ಕಿತ್ತು, ಗಲ್ಲಿ ಸಿಕ್ಕಿರಲಿಲ್ಲ.

ಗಲ್ಲಿ ಎಂದು ಉಳಿದದ್ದು ಒಂದು ಬೆಂಚು. ಅದೂ ದುಡ್ಡು ಕೊಟ್ಟು ಫ್ಲ್ಯಾಟ್ ಕೊಂಡವರ ಎ ವಿಂಗ್ ಅಂಗಳದಲ್ಲಿ. ನಡುವೆ ಗೋಡೆ, ಗೋಡೆಯಲ್ಲಿ ಸಣ್ಣ ಗೇಟು. ಮಧ್ಯಾಹ್ನ ಹಳೇ ಗಲ್ಲಿಯ ಹೆಂಗಸರು ಗೇಟು ದಾಟಿ ಬೆಂಚಿಗೆ ಬಂದರೆ ಮರಗಮ್ಮನಿಗೆ ಹೋದ ಜೀವ ಬರುತ್ತಿತ್ತು. ಎ ವಿಂಗ್‌ನ ಜಲಜಾಕ್ಷಿ, ಉಡುಪಿಯವಳು, ಅವರು ತರುತ್ತಿದ್ದ ಜೋಳದ ರೊಟ್ಟಿಯ ರುಚಿ ಹತ್ತಿ ಅಲ್ಲಿಗೆ ಬರತೊಡಗಿದಳು. ಅವಳ ಗಂಡ ಲೀಲಾಧರ ಫ್ಲ್ಯಾಟ್ ಮಾಲೀಕರ ಸಂಘದ, ಅಂದರೆ ಸೊಸೈಟಿಯ, ಚೇರ್ಮನ್. ಬಿ ವಿಂಗ್‌ನವರು ಈಚೆ ಬರಬಾರದೆಂದು ಗೇಟಿಗೆ ಬೀಗ ಹಾಕಿಸಲು ಅವನು ಮೀಟಿಂಗ್ ಕರೆದ.

ಬೀಗದ ಸುದ್ದಿ ಕೇಳಿದಂದಿನಿಂದ ಮರಗಮ್ಮ ದಿನಕ್ಕೆ ಹತ್ತು ಸಲ ಇಳಿದು ಗೇಟು ನೋಡಿ ಬರುತ್ತಿದ್ದಳು. ಅಷ್ಟರಲ್ಲಿ ವಾಚ್‌ಮನ್ ಕೂಗಿದ: "ಆಜ್ ಸೊಸೈಟಿ ಹೈ, ನೀಚೆ ಹಾಲ್ ಮೇ!" ಇವತ್ತು ಕೆಳಗೆ ಹಾಲ್‌ನಲ್ಲಿ ಸೊಸೈಟಿ ಅಂತ.

ಅವಳ ಊರಲ್ಲಿ ಸೊಸೈಟಿ ಎಂದರೆ ರೇಷನ್ ಅಂಗಡಿ. ಬೀಗದ ಚಿಂತೆ ಬದಿಗಿಟ್ಟು ಚೀಲ, ಕಾರ್ಡು ಹಿಡಿದು ಇಳಿದಳು. ಅವಳನ್ನು ನೋಡಿ ಬಿ ವಿಂಗ್ ಪೂರ್ತಿ ಇಳಿಯಿತು. ಹಾಲ್‌ನಿಂದ ಶುರುವಾದ ಕ್ಯೂ ಕಲ್ಯಾಣ್ ಸ್ಟೇಷನ್ ಮುಟ್ಟಿತು. ಅಲ್ಲಿ ಕೆಲವರು ಟಿಕೆಟಿನ ಕ್ಯೂ ಎಂದು ಸೇರಿಕೊಂಡರು.

"ಇದೆಂತ ಮಾರಾಯ್ರೆ? ನೀವು ಮೆಂಬರಾ?" ಎಂದ ಲೀಲಾಧರ.

"ಹೂನ್ರಿ, ಐದು ಮೆಂಬರ್. ಕಾರ್ಡಿನ್ಯಾಗ ಹೆಸರ್ ಅದಾವ," ಎಂದಳು ಮರಗಮ್ಮ.

ಲೀಲಾಧರನಿಗೆ ರೇಗಿತು. "ಆಯ್ತು, ಗೇಟು ಬೇಕಾದವರು ಕೈ ಎತ್ತಿ, ನೋಡುವ!"

ಕ್ಯೂಗೆ ಕೇಳಿಸಿದ್ದು "ಬೇಕಾದವರು" ಅಷ್ಟೇ. ಚೀಲಗಳೆಲ್ಲ ಮೇಲೆದ್ದವು. ಜೊತೆಗೆ ಚೀಲವಿಲ್ಲದ ಒಂದು ಕೈ, ಜಲಜಾಕ್ಷಿಯದು.

"ನಿಂಗೆಂತ ಬೇಕಾದ್ದು?" ಲೀಲಾಧರ ಪಿಸುಗುಟ್ಟಿದ.

"ಬೆಂಚು. ಮನೆಯಲ್ಲಿ ನೀವು ಮಾತಾಡುವುದು ಮೊಬೈಲ್ ಹತ್ರ ಮಾತ್ರ ಅಲ್ವಾ?"

ಗೇಟು ಉಳಿಯಿತು. ಆದರೆ ಮರಗಮ್ಮ ಜಾಗ ಬಿಟ್ಟು ಕದಲಲಿಲ್ಲ. "ಕೈ ಎತ್ತೀವಲ್ರಿ, ಜ್ವಾಳ ಎಲ್ಲಿ?"

ಜಲಜಾಕ್ಷಿ ಮನೆಗೆ ಓಡಿ ಕುಚ್ಚಲಕ್ಕಿ ತಂದು ಚೀಲಕ್ಕೆ ಸುರಿದಳು. ಮರಗಮ್ಮ ಆ ದಪ್ಪ ಕೆಂಪು ಕಾಳನ್ನು ಮೂಸಿ ನೋಡಿದಳು. "ಯವ್ವಾ, ಇದನ್ನ ಬೇಸೂದ್ರಾಗ ಹೊತ್ತ ಮುಳಗತೈತಿ. ನಾಳಿ ಬೆಂಚಿಗೆ ಬಾ, ಹೆಂಗ ಅಂತ ಹೇಳ್ಕೊಡು."

ಈಗ ಅವಳಿಗೆ ಸೊಸೈಟಿ ಎಂದರೇನೆಂದು ಚೆನ್ನಾಗಿ ಗೊತ್ತು. ಆದರೂ ಪ್ರತಿ ಮೀಟಿಂಗಿಗೂ ಚೀಲ ಹಿಡಿದೇ ಬರುತ್ತಾಳೆ; ಚೀಲ ಕಂಡರೆ ಲೀಲಾಧರ ಬೀಗದ ಮಾತೆತ್ತುವುದಿಲ್ಲ. ಹೋದ ಮೀಟಿಂಗಿನಲ್ಲಂತೂ ಆ ಗೋಡೆಯೇ ಎದ್ದು ಬಂದು ಕ್ಯೂನಲ್ಲಿ ನಿಂತು, ನನಗೂ ಒಂದು ಕಡೆ ಅಂತ ಮನೆ ಕೊಡಿ, ಎರಡೂ ಕಡೆ ಬೆನ್ನು ಹಾಕಿ ಸಾಕಾಗಿದೆ ಎಂದು... ಎಲ್ಲಿಗೆ ಹೊರಟೆ ಮಾರಾಯ? ಅದು ಬೇರೆ ದಾರಿಯ ಕರ್ಜತ್ ಲೋಕಲ್, ನಿನ್ನದು ಇನ್ನೂ ಬಂದಿಲ್ಲ, ಕೂತುಕೋ!