ನಾಲ್ಕನೆಯವರು

ಗಂಡಿನ ಕಡೆಯವರು ಎರಡನೆಯ ಸಲ ಕಗ್ಗದಾಸಪುರದ ಮನೆಗೆ ಬಂದಾಗ, ಕಾಫಿ ಆಗುವವರೆಗೆ ಮಾತಿಗೊಂದು ನೆಪವಿರಲೆಂದು ಶ್ರೀಕಂಠಯ್ಯನವರು ಫೋಟೋ ಆಲ್ಬಂ ತೆಗೆದುಕೊಟ್ಟರು. ಕೊಡಬಾರದಿತ್ತು.

ಹುಡುಗ ಸುದರ್ಶನನ ತಾಯಿ ಮೊದಲ ಪುಟದಲ್ಲೇ ಬೆರಳಿಟ್ಟರು. ನಂದಿಬೆಟ್ಟದ ಮೇಲೆ ಶ್ರೀಕಂಠಯ್ಯ, ಅವರ ಹೆಂಡತಿ ಕೋಕಿಲಾ, ಫ್ರಾಕು ತೊಟ್ಟ ಮಗಳು ಗಗನಾ. ಪಕ್ಕದಲ್ಲಿ ತಲೆಗೆ ಟವೆಲ್ ಸುತ್ತಿದ ಒಬ್ಬ ಗಂಡಸು.

"ಇವರು ಯಾರು? ನಿಮ್ಮ ತಮ್ಮನಾ?"

"ಅಲ್ಲ. ಅವರು... ಕಡಲೆಕಾಯಿ."

"ಕಡಲೆಕಾಯಿ?"

"ಮಾರೋರು."

ಮುಂದಿನ ಪುಟದಲ್ಲಿ ಮೈಸೂರು ಅರಮನೆ, ಜತೆಗೆ ಟಾಂಗಾದವನು. ಅದರ ಮುಂದಿನದು ಊಟಿ, ಟ್ಯಾಕ್ಸಿ ಡ್ರೈವರ್ ಕೋಕಿಲಾರ ಶಾಲು ಹೊದ್ದು ನಡುಗುತ್ತ ನಿಂತಿದ್ದಾನೆ. ಗಗನಾ ಎಂ.ಎಸ್ಸಿ. ಪದವಿ ಪಡೆದ ದಿನದ ಚಿತ್ರದಲ್ಲಿ ಯಾರದೋ ಅಜ್ಜಿ. ತನ್ನ ಮೊಮ್ಮಗಳು ಎಲ್ಲಿ ಹೋದಳೆಂಬ ಗಾಬರಿ ಆಕೆಯ ಮುಖದ ಮೇಲೆ ಇನ್ನೂ ಹಾಗೇ ಇದೆ. ಪುಟಪುಟಕ್ಕೂ "ಇವರು ಯಾರು?" ಎಂಬ ಪ್ರಶ್ನೆ, ಪುಟಪುಟಕ್ಕೂ ಶ್ರೀಕಂಠಯ್ಯನವರ ದನಿ ಸಣ್ಣಗಾಗುತ್ತ ಹೋಯಿತು. ಕೊನೆಗೆ ಬೀಗರು ಆಲ್ಬಂ ಮುಚ್ಚಿ, "ನಿಮಗೆ ಜನಬಳಕೆ ಜಾಸ್ತಿ ಅನ್ನಿ" ಎಂದರು.

ಇದಕ್ಕೆಲ್ಲ ಕಾರಣ ಕೋಕಿಲಾ. ಮೂರು ಜನ ನಿಂತು ಫೋಟೋ ತೆಗೆಸಿಕೊಳ್ಳಬಾರದು, ತೆಗೆಸಿಕೊಂಡರೆ ಮೂವರಲ್ಲಿ ಒಬ್ಬರು ದೂರವಾಗುತ್ತಾರೆ ಎಂಬುದು ಅವರ ತಾಯಿಯ ಮನೆಯ ಕಟ್ಟಳೆ. ಅದನ್ನು ಅವರು ಸುಮ್ಮನೆ ನಂಬಿದವರಲ್ಲ, ಪ್ರಯೋಗ ಮಾಡಿ ನೋಡಿದವರು. ಪಿಯುಸಿ ಓದುವಾಗ ಮನೆಯಲ್ಲಿ ಹೇಳದೆ ಶಿವಾಜಿನಗರದ ಸ್ಟುಡಿಯೋ ಒಂದಕ್ಕೆ ಹೋಗಿ ಇಬ್ಬರು ಗೆಳತಿಯರ ಜತೆ ಫೋಟೋ ತೆಗೆಸಿಕೊಂಡಿದ್ದರು. ನಡುವೆ ನಿಂತಿದ್ದ ರಾಜೇಶ್ವರಿ, ಪ್ರಿಂಟು ಕೈಗೆ ಬರುವ ಮೊದಲೇ ಊರು ಬಿಟ್ಟು ಜಬಲ್ಪುರ ಸೇರಿದಳು. ಆಮೇಲೆ ಅವಳ ಸುದ್ದಿಯೇ ಇಲ್ಲ.

"ಅವಳಪ್ಪ ಮಿಲಿಟರಿಯಲ್ಲಿದ್ರು ಕಣೇ. ಅವರಿಗೆ ವರ್ಗ ಆಗದೆ ಇನ್ಯಾರಿಗಾಗತ್ತೆ?" ಎಂದು ಶ್ರೀಕಂಠಯ್ಯ ಕೇಳುತ್ತಿದ್ದರು.

"ಫೋಟೋ ತೆಗೆಸೋಕೆ ಮುಂಚೆ ಯಾಕಾಗ್ಲಿಲ್ಲ?"

ಶ್ರೀಕಂಠಯ್ಯನವರು ಭೌತಶಾಸ್ತ್ರ ಓದಿದವರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ, ಬೇರೆಯವರು ಅಳೆಯುವ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಅಳೆಯುವ ಕೆಲಸದಿಂದ ನಿವೃತ್ತರಾದವರು. ಎರಡು ಘಟನೆಗಳು ಒಂದರ ಹಿಂದೊಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಅವರು ಎಷ್ಟೋ ಸಲ ಬಿಡಿಸಿ ಹೇಳಿದ್ದರು. ಕೋಕಿಲಾ ಪೂರ್ತಿ ಕೇಳಿಸಿಕೊಂಡು, "ಸರಿ, ಆ ಎಳನೀರಿನವನನ್ನ ಕರೀರಿ" ಎನ್ನುತ್ತಿದ್ದರು.

ಇಷ್ಟು ವರ್ಷ ಇದು ತಮಾಷೆಯಾಗಿಯೇ ನಡೆದಿತ್ತು. ಆದರೆ ಬೀಗರು ಹೋದ ಮೇಲೆ ಆಲ್ಬಮನ್ನು ಬೀರುವಿಗೆ ಸೇರಿಸುವ ಮುಂಚೆ ಶ್ರೀಕಂಠಯ್ಯನವರು ಅದನ್ನು ಇನ್ನೊಮ್ಮೆ ಕೊನೆಯವರೆಗೂ ತಿರುವಿ ನೋಡಿದರು. ಶ್ರಾವಣದಲ್ಲಿ ಮದುವೆ. ಸುದರ್ಶನನ ವಿಮಾ ಕಚೇರಿ ಅವನನ್ನು ಹುಬ್ಬಳ್ಳಿಗೆ ಹಾಕಿದೆ, ಗಗನಾ ಅಲ್ಲಿಗೆ ಹೋಗುತ್ತಾಳೆ. ಇನ್ನು ಮೇಲೆ ತೆಗೆಯುವ ಚಿತ್ರಗಳಲ್ಲಿ ಅಳಿಯನಿರುತ್ತಾನೆ, ಇರಬೇಕಾದದ್ದೇ. ಆದರೆ ಈ ಮನೆಯಲ್ಲಿ ತಾವು ಮೂವರೇ ಇದ್ದೆವು ಎನ್ನುವುದಕ್ಕೆ ಒಂದು ಚಿತ್ರವೂ ಇರುವುದಿಲ್ಲ. ಮದುವೆಗೆ ಮುಂಚೆ ಅಂಥದೊಂದು ಬೇಕು. ಒಂದೇ ಸಾಕು.

ಯೋಚಿಸಿ ಯೋಚಿಸಿ ಅವರು ಹಡಗಿಗೆ ಬಂದು ನಿಂತರು. ಚೆನ್ನೈನಿಂದ ಹೊರಟು, ಸಮುದ್ರದ ಮೇಲೆ ತೇಲಾಡಿಸಿ, ಮತ್ತೆ ಚೆನ್ನೈಗೇ ತಂದು ಬಿಡುವ ವಿಹಾರದ ಹಡಗು. ಅದರ ಕೋಣೆಗಳಿಗೆ ಬಾಲ್ಕನಿ ಇತ್ತು. ಬಾಲ್ಕನಿಯ ಆಚೆ ಬರೀ ನೀರು. ನಾಲ್ಕನೆಯವನು ಬರಬೇಕೆಂದರೆ ಈಜಿಕೊಂಡು ಬರಬೇಕು.

"ಹೊರಟ ಜಾಗಕ್ಕೇ ವಾಪಸ್ ಬರೋದಾದ್ರೆ ಹೋಗೋದ್ಯಾಕ್ರೀ?" ಕೋಕಿಲಾ ಕೇಳಿದರು.

"ಪ್ರವಾಸ ಅಂದ್ರೆ ಅದೇ ತಾನೆ? ಎಲ್ಲಿಗೆ ಹೋದ್ರೂ ಮನೆಗೇ ಬರ್ತೀವಿ."

"ಅದು ಬೇರೆ. ಮಧ್ಯದಲ್ಲಿ ಒಂದು ದೇವಸ್ಥಾನ ಆದ್ರೂ ಸಿಗತ್ತೆ."

ಗಗನಾ ಮಾತ್ರ ಒಪ್ಪಿದಳು. ಅಪ್ಪನ ಲೆಕ್ಕಾಚಾರ ಅವಳಿಗೆ ಗೊತ್ತಾಗಿತ್ತು. "ಅಪ್ಪಾ, ಅಮ್ಮ ಕ್ಯಾಪ್ಟನ್ನನ್ನೇ ಕರೆಸ್ತಾಳೆ ನೋಡ್ತಿರು" ಎಂದಳು.

ಪರೀಕ್ಷಿಸದೆ ಯಾವ ಉಪಕರಣವನ್ನೂ ಹೊರಗೆ ಕಳಿಸಿದವರಲ್ಲ ಶ್ರೀಕಂಠಯ್ಯ. ಒಂದು ಭಾನುವಾರ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಮತ್ತು ಗಾರೆ ಕೆಲಸದವರು ಬಳಸುವ ರಸಮಟ್ಟ ತೆಗೆದುಕೊಂಡು ಹೆಂಡತಿ ಮಗಳೊಂದಿಗೆ ಹಲಸೂರು ಕೆರೆಗೆ ಹೋದರು. ರಸಮಟ್ಟದ ಕೊಳವೆಯಲ್ಲಿನ ಗುಳ್ಳೆ ನಡುವೆ ನಿಂತರೆ ಕ್ಯಾಮೆರಾ ನೆಟ್ಟಗಿದೆ ಎಂದರ್ಥ. ಸಮುದ್ರದ ಅಂಚು ವಾಲಿದ ಚಿತ್ರಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ದೋಣಿಯಲ್ಲಿ ಕೂತವರು ಕೆರೆ ಅರ್ಧ ದಾಟುವವರೆಗೂ ಗುಳ್ಳೆಯನ್ನೇ ನೋಡುತ್ತಿದ್ದರು. ಗುಳ್ಳೆ ಒಂದು ಕಡೆ ನಿಲ್ಲಲಿಲ್ಲ.

"ಏನ್ ಸಾರ್, ನೀರಿನ ಮೇಲೆ ಗೋಡೆ ಕಟ್ತೀರಾ?" ಎಂದ ದೋಣಿಯವನು.

ಆ ಹೊತ್ತಿನ ಚಿತ್ರದಲ್ಲಿ ಕೆರೆ ವಾಲಿದೆ. ಹುಟ್ಟು ಹಿಡಿದ ದೋಣಿಯವನು ನೆಟ್ಟಗಿದ್ದಾನೆ.

ಜೂನ್ ತಿಂಗಳ ಒಂದು ಮಧ್ಯಾಹ್ನ ಹಡಗು ಬಂದರು ಬಿಟ್ಟಿತು. ನೆಲ ಕಣ್ಮರೆಯಾಗಿ ಫೋನುಗಳಲ್ಲಿ ನೆಟ್‌ವರ್ಕ್ ಸತ್ತ ಮೇಲೆ ಶ್ರೀಕಂಠಯ್ಯನವರು ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಬಾಲ್ಕನಿಯಲ್ಲಿ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ತಾನಾಗಿಯೇ ಕ್ಲಿಕ್ಕಿಸುವಂತೆ ಹೊಂದಿಸಿದರು.

"ಬಾ ಕೋಕಿಲಾ, ಸಮುದ್ರ ನೋಡು ಬಾ."

ಕೋಕಿಲಾ ಬಂದರು. ಸಮುದ್ರ ನೋಡಿದರು. ಸ್ಟ್ಯಾಂಡು ನೋಡಿದರು. ಗಂಡನ ಮುಖ ನೋಡಿದರು.

"ಓಹೋ. ಇದಕ್ಕಾ ನನ್ನ ನೀರಿನ ಮಧ್ಯಕ್ಕೆ ಎತ್ತಾಕ್ಕೊಂಡು ಬಂದಿದ್ದು?"

"ಯಾರಿದ್ದಾರೆ ಹೇಳು ಇಲ್ಲಿ? ಯಾರನ್ನ ಕರೀತೀಯ ಈಗ?"

ಆಗಲೇ ಪಕ್ಕದ ಬಾಲ್ಕನಿಯಿಂದ ಒಂದು ಕೆಮ್ಮು ಕೇಳಿಸಿತು. ನಡುವಿನ ತಡಿಕೆಯ ಅಂಚಿನಿಂದ ಬೆಳ್ಳಿಗಡ್ಡದ, ಚಿನ್ನದ ಕಟ್ಟಿನ ಕನ್ನಡಕದ ಮುಖವೊಂದು ಈಚೆ ಬಾಗಿತು.

"ಬೆಂಗ್ಳೂರಾ ಸಾರ್? ಕನ್ನಡ ಕೇಳಿಸ್ತು, ಅದಕ್ಕೇ..."

"ಒಂದ್ನಿಮಿಷ ಹಾಗೇ ಇರಿ ಸಾರ್, ಅಲ್ಲಾಡ್ಬೇಡಿ!" ಕೋಕಿಲಾ ಕೂಗಿ, ಮಗಳನ್ನು ಎಳೆದುಕೊಂಡು ಗಂಡನ ಪಕ್ಕ ನಿಂತುಬಿಟ್ಟರು. ಕ್ಯಾಮೆರಾ ಕ್ಲಿಕ್ ಎಂದಿತು.

ಮುಖದ ಒಡೆಯರು ರಿಚರ್ಡ್ಸ್ ಟೌನಿನ ಅಕ್ತರ್ ಸಾಹೇಬರು. ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ. ಹೆಂಡತಿ ನೌರೀನ್ ಜತೆ ಬಂದಿದ್ದರು. ಮೂರು ಜನದ ಕಟ್ಟಳೆ ಕೇಳಿ ಅವರು ನಗಲಿಲ್ಲ. "ನಮ್ಮಜ್ಜಿ ಹೊಸ್ತಿಲ ಮೇಲೆ ಕೂತು ಉಗುರು ಕತ್ತರಿಸೋಕೆ ಬಿಡ್ತಿರ್ಲಿಲ್ಲ ಮೇಡಂ. ಯಾಕೆ ಅಂತ ಕೇಳಿದ್ರೆ ಅವರಿಗೂ ಗೊತ್ತಿರ್ಲಿಲ್ಲ. ನಾನು ಇವತ್ತಿಗೂ ಕತ್ತರಿಸಲ್ಲ. ನಿಮಗೆ ಜನ ಬೇಕಾದಾಗ ಕರೀರಿ, ಬಂದ್ಬಿಡ್ತೀನಿ."

ಬಂದೇಬಿಟ್ಟರು. ಈಜುಕೊಳದ ಪಕ್ಕ, ಊಟದ ಹಾಲಿನಲ್ಲಿ, ಹಡಗಿನ ದೊಡ್ಡ ಗಂಟೆಯ ಮುಂದೆ. ಮಾರನೆಯ ದಿನಕ್ಕೆ ಅವರಿಗೇ ಅದರ ರುಚಿ ಹತ್ತಿ, ಬೆಳಗ್ಗೆಯೇ ಕೋಟು ತೊಟ್ಟು ಬಂದು, "ಮೇಡಂ, ಇವತ್ತು ಎಲ್ಲಿ ಡ್ಯೂಟಿ?" ಎಂದರು. ಹಿಂದಿನಿಂದ ನೌರೀನ್, "ಇತ್ತೀ ಗರ್ಮೀ ಮೇಂ ಕೋಟ್ ಕಾಯ್ಕು ಜೀ? ಈ ಸೆಕೇಲಿ ಕೋಟು ಯಾಕ್ರೀ? ನಮ್ಮ ಮದುವೇಲೂ ನೀವು ಇಷ್ಟು ನೀಟಾಗಿ ನಿಂತಿರ್ಲಿಲ್ಲ" ಎಂದು ರೇಗಿಸಿದರು.

ಶ್ರೀಕಂಠಯ್ಯನವರು ಉಪಾಯ ಬದಲಿಸಿದರು. ಅಕ್ತರ್ ಸಾಹೇಬರು ಸಾಲಿನ ಕೊನೆಗೆ ನಿಂತರೆ ಸಾಕು, ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅಂಚು ಕತ್ತರಿಸಿಬಿಡಬಹುದು. ಮನುಷ್ಯ ಒಳ್ಳೆಯವರು, ಬೇಸರ ಮಾಡಿಕೊಳ್ಳಲಾರರು.

"ಸಾಹೇಬ್ರೇ, ಸ್ವಲ್ಪ ಆ ಕಡೆಗೆ. ಇನ್ನೂ ಸ್ವಲ್ಪ. ಹಾಂ, ಆ ಕಂಬದ ಹತ್ರ."

ಕೋಕಿಲಾ ಗಂಡನನ್ನು ಒಮ್ಮೆ ದಿಟ್ಟಿಸಿ ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಅಷ್ಟು ಸಾಕು.

"ಅಕ್ತರ್ ಸಾರ್, ನೀವು ದೂರ ಯಾಕೆ? ಬನ್ನಿ, ಮಧ್ಯಕ್ಕೆ ಬನ್ನಿ."

ಅಂದಿನಿಂದ ತೆಗೆದ ಎಲ್ಲ ಚಿತ್ರಗಳಲ್ಲೂ ಗಂಡ ಹೆಂಡತಿಯ ನಡುವೆ ಕೋಟು ತೊಟ್ಟ ಅಕ್ತರ್ ಸಾಹೇಬರು. ಗಗನಾ ಒಂದು ಬದಿಗೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಚಿತ್ರಗಳನ್ನು ಹಿಂದೆ ಮುಂದೆ ಸರಿಸಿ ನೋಡುತ್ತ ಶ್ರೀಕಂಠಯ್ಯನವರು ಮಂಕಾದರು. ನಾಳೆ ಬೆಳಗ್ಗೆ ಚೆನ್ನೈ. ಆಮೇಲೆ ಲಗ್ನಪತ್ರಿಕೆ, ಛತ್ರ, ಅಡುಗೆಯವರು. ಮೂವರೇ ಒಟ್ಟಿಗೆ ಕೂರುವುದಕ್ಕೂ ಪುರಸೊತ್ತು ಸಿಗಲಾರದು.

ಕೊನೆಯ ಬೆಳಗ್ಗೆ ಅವರು ಹಡಗಿನ ಮೇಲಟ್ಟಕ್ಕೆ ಬಂದಾಗ ತಾಯಿ ಮಗಳು ಆಗಲೇ ಕಂಬಿ ಹಿಡಿದು ನಿಂತಿದ್ದರು. ದೂರದಲ್ಲಿ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಗಗನಾಳ ಕೂದಲು ಗಾಳಿಗೆ ಮುಖಕ್ಕೆಲ್ಲ ಅಂಟಿ, ಕೋಕಿಲಾ ಅದನ್ನು ಹಿಂದಕ್ಕೆ ಸರಿಸಿ ತಮ್ಮದೇ ಕ್ಲಿಪ್ಪು ಹಾಕುತ್ತಿದ್ದರು. ಕ್ಲಿಪ್ಪು ಬಿಗಿಯಾಗಿ ಕೂತಮೇಲೂ ಅವರು ಕೈ ತೆಗೆಯಲಿಲ್ಲ.

"ರೀ," ಎಂದರು ತಿರುಗದೆಯೇ. "ಆ ನಿಮ್ಮ ಮೂರು ಜನದ್ದು ತೆಗೀರಿ."

"ಏನಂದೆ?"

"ಕೇಳಿಸ್ತಲ್ಲ. ತೆಗೀರಿ ಅಂದೆ."

"ಮತ್ತೆ ರಾಜೇಶ್ವರಿ?"

"ಮೂರು ಜನದಲ್ಲಿ ಒಬ್ರು ದೂರ ಆಗ್ತಾರೆ ಅಂತ ತಾನೆ? ಇವಳು ಹೇಗೂ ಹುಬ್ಬಳ್ಳಿಗೆ ಹೊರಟಾಯ್ತು. ಆಗೋದು ಆಗಿ ಆಯ್ತು, ಇನ್ನು ಫೋಟೋಗೇನು ಕೆಲಸ ಉಳಿದಿದೆ?" ಕೋಕಿಲಾ ಸೆರಗಿನಿಂದ ಮೂಗು ಒರೆಸಿಕೊಂಡರು. "ಬೇಗ ತೆಗೀರಿ, ನನ್ನ ಮನಸ್ಸು ಬದಲಾಗೋಕೆ ಮುಂಚೆ."

ಅಕ್ತರ್ ಸಾಹೇಬರು ಎದುರಿನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದರು. ಕೋಟಿಲ್ಲದೆ, ಬರೀ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು. ಶ್ರೀಕಂಠಯ್ಯನವರು ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಹೊಂದಿಸಿ, ಬಟನ್ನು ಒತ್ತುವುದಷ್ಟನ್ನು ಅವರಿಗೆ ಒಪ್ಪಿಸಿದರು. ಬಂದರಿನೊಳಗೆ ಬಂದ ಹಡಗು ನಿಧಾನವಾಗಿತ್ತು, ಅಲೆ ಇರಲಿಲ್ಲ. ರಸಮಟ್ಟದ ಗುಳ್ಳೆ, ಹಲಸೂರು ಕೆರೆಯಿಂದ ಈವರೆಗೆ ಒಮ್ಮೆಯೂ ನಿಲ್ಲದ ಗುಳ್ಳೆ, ಎರಡು ಗೆರೆಗಳ ಸರಿ ನಡುವೆ ಬಂದು ನಿಂತಿತು. ಬೆಳಕು ಎಡದಿಂದ ಹದವಾಗಿ ಬೀಳುತ್ತಿತ್ತು. ಇದಕ್ಕಿಂತ ಸರಿಯಾದ ಸಂದರ್ಭ ಇನ್ನೊಂದು ಬರಲಾರದು.

ಅವರು ಹೋಗಿ ಮಗಳ ಪಕ್ಕ ನಿಂತರು. ಗಗನಾ ಒಂದು ಕೈಯನ್ನು ಅಮ್ಮನ ಭುಜದ ಮೇಲೂ ಇನ್ನೊಂದನ್ನು ಅಪ್ಪನ ಭುಜದ ಮೇಲೂ ಹಾಕಿದಳು. ಆ ಕೈ ಹಗುರವಾಗಿತ್ತು.

"ರೆಡಿ ಸಾರ್?" ಅಕ್ತರ್ ಸಾಹೇಬರು ಬೆರಳೆತ್ತಿದರು.

ಫೋಟೋದಿಂದ ಏನೂ ಆಗುವುದಿಲ್ಲ ಎಂಬುದು ಶ್ರೀಕಂಠಯ್ಯನವರಿಗೆ ಖಚಿತವಾಗಿ ಗೊತ್ತಿತ್ತು. ಕೋಕಿಲಾ ಹೇಳಿದ್ದು ತರ್ಕಕ್ಕೆ ಸರಿಯಾಗಿಯೇ ಇತ್ತು. ಒಬ್ಬರು ದೂರವಾಗಬೇಕು, ಒಬ್ಬಳು ಹೊರಟಿದ್ದಾಳೆ, ಲೆಕ್ಕ ಚುಕ್ತ. ಆದರೆ ಲೆಕ್ಕವನ್ನು ಎರಡನೆಯ ಸಲ ನೋಡದೆ ಸಹಿ ಹಾಕಿ ಅವರಿಗೆ ಅಭ್ಯಾಸವಿರಲಿಲ್ಲ. ಹುಬ್ಬಳ್ಳಿ ಒಂದು ದೂರವೇ? ರೈಲು ಹತ್ತಿದರೆ ಸಿಗುವ ಊರು. ಅದನ್ನು ಈ ಕಟ್ಟಳೆ ದೂರವೆಂದು ಒಪ್ಪದೆ ಹೋದರೆ? ಹಾಗಾದರೆ ಆ ಒಬ್ಬರು ಯಾರು? ಅವರು ಕಣ್ಣ ತುದಿಯಿಂದ ಹೆಂಡತಿಯನ್ನು ನೋಡಿದರು. ಕೋಕಿಲಾ ನೆಟ್ಟಗೆ ನಿಂತು, ಉಸಿರು ಬಿಗಿಹಿಡಿದು, ಕ್ಯಾಮೆರಾವನ್ನೇ ನೋಡುತ್ತಿದ್ದರು.

"ಸಾಹೇಬ್ರೇ, ನಿಲ್ಲಿ, ನಿಲ್ಲಿ!"

"ಏನಾಯ್ತು ಸಾರ್?"

"ನೀವೂ ಬನ್ನಿ."

"ಅರೆ! ಕೋಟು ಪ್ಯಾಕ್ ಮಾಡ್ಬಿಟ್ಟೆನಲ್ಲ ಸಾರ್!"

"ಪರ್ವಾಗಿಲ್ಲ, ಬನ್ನಿ ಬೇಗ." ಶ್ರೀಕಂಠಯ್ಯನವರು ಓಡಿಹೋಗಿ ಕ್ಯಾಮೆರಾವನ್ನು ತಾನೇ ಕ್ಲಿಕ್ಕಿಸುವಂತೆ ಹೊಂದಿಸಿ, ಓಡಿ ಬಂದು ನಿಂತರು. ಅಕ್ತರ್ ಸಾಹೇಬರು ಚಹಾದ ಲೋಟ ಎಲ್ಲಿಡಬೇಕೆಂದು ತಿಳಿಯದೆ ಅದನ್ನು ಕೈಯಲ್ಲೇ ಹಿಡಿದು, ಅಭ್ಯಾಸಬಲದಿಂದ ನೇರವಾಗಿ ಮಧ್ಯಕ್ಕೆ ಬಂದರು.

ಕ್ಲಿಕ್.

"ಯಾಕ್ರೀ ಕರೆದ್ರಿ ಅವರನ್ನ?" ಸಾಹೇಬರು ಲೋಟ ಇಡಲು ಹೋದಾಗ ಕೋಕಿಲಾ ಮೆಲ್ಲಗೆ ಕೇಳಿದರು.

"ಎಡಗಡೆ ಸ್ವಲ್ಪ ಖಾಲಿ ಕಾಣ್ತಿತ್ತು."

"ಅವರು ನಿಂತಿದ್ದು ಮಧ್ಯದಲ್ಲಿ."

"ಒಟ್ಟಾರೆ ಖಾಲಿ ಕಾಣ್ತಿತ್ತು ಕಣೇ."

ಗಂಡನ ಅಂಗಿಯ ಕಾಲರು ಮಡಿಚಿಕೊಂಡಿತ್ತು, ಕೋಕಿಲಾ ಅದನ್ನು ಸರಿಮಾಡಿ, "ಹೌದು, ನನಗೂ ಹಂಗೇ ಅನ್ನಿಸ್ತು" ಎಂದರು.

ಅಷ್ಟರಲ್ಲಿ ನೆಟ್‌ವರ್ಕ್ ಬಂದು ಹಡಗಿನ ತುಂಬ ಫೋನುಗಳು ಒಟ್ಟಿಗೇ ಕಿಣಿಕಿಣಿಗುಟ್ಟತೊಡಗಿದವು. ಗಗನಾ ಕ್ಯಾಮೆರಾದ ಪರದೆಯ ಮೇಲಿದ್ದ ಚಿತ್ರವನ್ನು ಫೋನಿನಲ್ಲಿ ಹಿಡಿದು ಸುದರ್ಶನನಿಗೆ ಕಳಿಸಿದಳು. ಉತ್ತರ ತಕ್ಷಣ ಬಂತು. ಓದಿ ನಕ್ಕಳು.

"ಅಪ್ಪಾ, ಇವರು ಯಾರು ಅಂತ ಕೇಳ್ತಿದ್ದಾನೆ. ಏನಂತ ಬರೀಲಿ?"

ಶ್ರೀಕಂಠಯ್ಯನವರು ರಸಮಟ್ಟವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ಈ ಸಲ ಅವರ ದನಿ ಸಣ್ಣಗಾಗಲಿಲ್ಲ.

"ಹೆಣ್ಣಿನ ಕಡೆಯವರು ಅಂತ ಬರಿ."